ರೆಕ್ಕೆ ತುಂಡಿನ ತೊಟ್ಟಿ

ರಾಬರ್ಟ್‌ಸನ್‌ಪೇಟೆ
12 ಮಾರ್ಚ್ 2025, ಬುಧವಾರ

ಅಣ್ಣಾ,

ಮೂರು ಸಲ ಸೋಪು ಹಾಕಿ ತೊಳೆದ್ರೂ ಕೈ ಕಡಿತ ನಿಂತಿಲ್ಲ. ಅದಕ್ಕೇ ಬಾಯಲ್ಲೇ ಹೇಳ್ತಿದೀನಿ, ಫೋನು ಬರ್ಕೊಳ್ತಿದೆ, ತಪ್ಪಿದ್ರೆ ಸರಿಮಾಡ್ಕೊಂಡು ಓದು. ಬೆಳಗ್ಗೆ ಬಸ್ಸು ಕೈಕೊಡ್ತು. ಮಾಸ್ಕ್ ಕೇಳಿದ್ರೆ ಸೂಪರ್‌ವೈಸರ್ ಅಂಬರೀಶ್ "ಮೊನ್ನೆ ತಾನೆ ಕೊಟ್ಟಿದ್ದೆ, ತಿಂದ್‌ಬಿಟ್ಯಾ?" ಅಂತ ಎಲ್ಲರ ಮುಂದೆ ನಕ್ಕ. ಮಧ್ಯಾಹ್ನ ಸಾರಿನ ಮೇಲೆ ಬಿಳಿ ಧೂಳು ತೇಲ್ತಿತ್ತು. ಥೂ. ನೀನು ಹೇಗಿದೀಯ? ತೈವಾನ್ ಕಡಲಲ್ಲಿ ಕಂಬ ಹತ್ತುವಾಗ ಸೊಂಟದ ಬೆಲ್ಟ್ ಸರಿಯಾಗಿ ಹಾಕ್ಕೊಳ್ತೀಯ ತಾನೆ? ದೋಣಿಯಲ್ಲಿ ವಾಂತಿ ಆಗೋದು ನಿಂತಿತಾ?

ನಮ್ಮ ಶೆಡ್ಡಲ್ಲಿ ಮಾಡೋದು ನೀನಲ್ಲಿ ಸಮುದ್ರದೊಳಗೆ ನಿಲ್ಲಿಸೋ ಥರದ ಗಾಳಿ ಫ್ಯಾನಿನ ರೆಕ್ಕೆಗೆ ಮಾದರಿ ತುಂಡು. ಗಾಜಿನ ನೂಲಿನ ಬಟ್ಟೆ ಹಾಸಿ, ಮೇಲೆ ಹೊಸ ನಮೂನೆ ರೆಸಿನ್ ಅಂಟು ಬಿಟ್ಟು ಗಟ್ಟಿ ಮಾಡ್ತೀವಿ. ರೆಕ್ಕೆ ಹಳೇದಾದ ಮೇಲೆ ಒಂದು ದ್ರಾವಣದಲ್ಲಿ ನೆನೆಹಾಕಿದ್ರೆ ಈ ರೆಸಿನ್ ಕರಗುತ್ತೆ, ನೂಲನ್ನ ಮತ್ತೆ ಬಳಸಬಹುದು. ಅದೇನೂ ಸುಳ್ಳಲ್ಲ, ನಾನೇ ಕೈಯಾರೆ ಎತ್ತಿದೀನಿ, ನೆಂದ ಪಂಚೆ ಥರ ಬಂತು. ಆದ್ರೆ ಟ್ಯಾಂಕಿಗೆ ದ್ರಾವಣ ತುಂಬೋದು ದೊಡ್ಡವರು ನೋಡೋಕೆ ಬಂದ ದಿನ ಮಾತ್ರ. ಹಸಿರು ಟೋಪಿ ಹಾಕ್ಕೊಂಡು ಫೋಟೋ ತೆಗೆಸ್ಕೊಂಡು, ಭೂಮಿ ಉಳಿಸ್ತೀವಿ ಅಂತ ಭಾಷಣ ಬಿಗಿದು ಹೋಗ್ತಾರೆ. ಮಾರನೇ ದಿನದಿಂದ ಫೇಲಾದ ತುಂಡೆಲ್ಲ ಗರಗಸಕ್ಕೆ, ಆಮೇಲೆ ಹಿಂದಿನ ಬೇಲಿ ಆಚೆಗೆ. ಹಳೇ ಚಿನ್ನದ ಗಣಿಯ ಸೈನೈಡ್ ದಿಬ್ಬದಿಂದ ಹಾರೋ ಧೂಳು ಈ ಊರಿಗೆ ಸಾಲದಾಗಿತ್ತು ನೋಡು.

ಆ ತುಂಡು ಬೇಕಾದೋರು ಒಯ್ಯಿರಿ ಅಂತ ಶೆಡ್ಡಿನವರು ಅಂದ್ರು. ಕೆಲವು ತುಂಡು ದೋಣಿ ಥರ ಬಾಗಿರುತ್ತೆ. ಸಂಕ್ರಾಂತಿಗೆ ಅಂಥದ್ದೊಂದನ್ನ ಟೆಂಪೋದಲ್ಲಿ ಊರಿಗೆ ಕಳಿಸ್ದೆ. ಅಪ್ಪ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಕೊಟ್ಟಿಗೆಯ ಕಲ್ಲಿನ ತೊಟ್ಟಿ ಕಿತ್ತು, ಇದನ್ನ ಕೂರಿಸಿ ಬೂಸಾ ಕಲಸಿಡ್ತಿದಾನೆ. ಪಕ್ಕದ ಕಾಮಸಮುದ್ರದಿಂದ ಬಂದೋರಿಗೆಲ್ಲ "ನಮ್ ಸುಧಾಕರ ಸಮುದ್ರದಾಗೆ ನಿಲ್ಸ್ತಾನಲ್ಲ, ಆ ಫ್ಯಾನಿನ ರೆಕ್ಕೆ ಕಣ್ಲಾ ಇದು" ಅಂತ ತೋರಿಸ್ತಾನೆ.

ಭಾನುವಾರ ಹೋಗಿದ್ದೆ. ಎರಡು ಸೀಮೆಹಸುಗೂ ಬಾಯಿ ತುಂಬ ಜೊಲ್ಲು, ನಾಲಿಗೆ ಮೇಲೆ ರಕ್ತದ ಗೀರು. ತೊಟ್ಟಿಯ ತಳ ನೆಕ್ಕಿ ನೆಕ್ಕಿ ಮೇಲಿನ ನುಣುಪು ಹೋಗಿ ಗಾಜಿನ ನೂಲು ಎದ್ದಿದೆ, ಬೆರಳಿಟ್ರೆ ಚುಚ್ಚುತ್ತೆ. ಅಪ್ಪ ಕಾಲುಬಾಯಿ ಜ್ವರ ಅಂದ್ಕೊಂಡು ನಾಲಿಗೆಗೆ ಅರಿಶಿನ, ಜೇನು ಸವರಿ, ಮೆತ್ತಗಿರ್ಲಿ ಅಂತ ರಾಗಿ ಗಂಜಿ ಮಾಡಿ, ಅದನ್ನೂ ಅದೇ ತೊಟ್ಟಿಗೆ ಸುರೀತಿದಾನೆ! ಗೊರಸಲ್ಲಿ ಗಾಯ ಇಲ್ಲ ನೋಡಪ್ಪಾ ಅಂದೆ. "ಬಾಯಿಂದ ಸುರುವಾಗಿ ಆಮ್ಯಾಕೆ ಕಾಲಿಗಿಳೀತದೆ, ನಿನ್ಗೇನ್ ಗೊತ್ತು, ಓಗು" ಅಂದ. ತೊಟ್ಟಿ ಎಳೆಯೋಕೆ ಹೋದ್ರೆ ಕೋಲು ಎತ್ಕೊಂಡ. ಅಮ್ಮ ಪಿಸುಗುಟ್ಟಿದ್ಲು, "ಕದ್ದು ಎಸಿಯಾನ ಅಂದ್ರೆ ನಮ್ಮಿಬ್ರಿಂದ ಎತ್ತಕ್ಕಾಯ್ತದೇನೇ ಅದು?" ಬಂಗಾರಪೇಟೆಯ ದನದ ಡಾಕ್ಟರಿಗೆ ಫೋನ್ ಮಾಡಿದೆ. ನೂಲು ಒಳಗೆ ಸೇರ್ತಾ ಹೋದ್ರೆ ಮೇವು ಬಿಟ್ಟುಬಿಡ್ತವೆ, ಮೊದ್ಲು ಆ ತೊಟ್ಟಿ ತೆಗೀರಿ ಅಂದ್ರು. ಕೆಂಪು ಹಸು ಏಳು ತಿಂಗಳ ಗಬ್ಬ ಅಣ್ಣಾ. ಆ ರೆಕ್ಕೆ ನೋಡಿದ್ರೆ ಅಸಹ್ಯ, ಟೋಪಿಯವರನ್ನ ನೋಡಿದ್ರೆ ಅಸಹ್ಯ, ಕಳಿಸಿದ ನನ್ನ ಕೈ ನೋಡ್ಕೊಂಡ್ರೆ ಇನ್ನೂ ಅಸಹ್ಯ.

ಗಾಳಿಗೆ ಕಿವಿ ಮುಚ್ಕೊಂಡು ಓಡಾಡು. ಅನ್ನ ಬಿಡಬೇಡ.

ನಿನ್ನ ತಲೆ ತಿನ್ನೋ ತಂಗಿ,
ಅಂಬಿಕ

ಮರೆತಿದ್ದಲ್ಲ, ಹೇಳೋಕೆ ಬಾಯಿ ಬರಲಿಲ್ಲ: ಆ ತುಂಡು ನೀನು ಹೇಳಿ ಕೊಡಿಸಿದ್ದು ಅಂತ ಅಪ್ಪನಿಗೆ ಸುಳ್ಳು ಹೇಳಿದ್ದು ನಾನೇ. ಹಬ್ಬದ ದಿನ ನಿನ್ನ ಫೋನು ಬರದೆ ಉಣ್ಣದೆ ಕೂತಿದ್ದ, ನೋಡೋಕಾಗಲಿಲ್ಲ. ಭಾನುವಾರ ನಿಜ ಹೇಳಿದ್ರೆ "ಅಣ್ಣನ್ ಕಂಡ್ರೆ ಒಟ್ಟೆಕಿಚ್ಚಾ ನಿನ್ಗೆ?" ಅಂದ. ಈಗ ನೀನೇ ಹೇಳ್ಬೇಕು. "ನಾನು ಕೊಡಿಸಿಲ್ಲ" ಅನ್ನಬೇಡ, ಸತ್ತೇ ಹೋಗ್ತಾನೆ. "ನಾನೇ ಕೊಡಿಸಿದ್ದು, ತಪ್ಪಾಯ್ತು, ತೆಗೆದುಹಾಕಪ್ಪಾ" ಅನ್ನು. ಹಾಲು ಕರೆಯೋ ಮುಂಚೆ ಬೂಸಾ ಇಡ್ತಾನೆ, ಅಷ್ಟರೊಳಗೆ ಅವನ ಫೋನಿಗೇ ಮಾಡು. ನಾಳೆ ಬೆಳಗ್ಗೆ ಇಲ್ಲಿ ಐದು ಗಂಟೆ, ನಿನಗೆ ಏಳೂವರೆ.