ಬಾನ್ ಮಾದರಿ ಮತ್ತು ವಾರಿಜಾಕ್ಷಿಯವರ ತರಗತಿ

…ಜಗಳವಾಡುವ ಬದಲು ಖಾತೆ ಹಂಚಿಕೊಂಡರೆ ಮುಗಿಯಿತು, ಜರ್ಮನಿಯವರನ್ನು ನೋಡಿ ಕಲಿಯಬೇಕು ಎಂದೋ, ಅಥವಾ ಅದೇ ಅರ್ಥದ ಇನ್ನೊಂದು ಮಾತನ್ನೋ ತಾವು ಹೇಳಿದಿರಿ, ಮಾನ್ಯ ಅಧ್ಯಕ್ಷರೇ. ನಾನು ಸಭೆಯ ಕೊನೆಯ ಸಾಲಿನಲ್ಲಿದ್ದೆ. ಚಪ್ಪಾಳೆಯಲ್ಲಿ ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧದ ಫಲವಾಗಿ ನಮ್ಮ ಸಂಘದ ಭಾನುವಾರದ ಕನ್ನಡ ತರಗತಿ ನಿಂತುಹೋಗಿದೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರಣೆ.

ನಮ್ಮ ಕನ್ನಡ ಸಂಘದ ಈ ಸಲದ ಚುನಾವಣೆಯಲ್ಲಿ ವಾಷಿಂಗ್ಟನ್ ಸುತ್ತಲಿನ ಕನ್ನಡಿಗರು ಪೊಟೋಮ್ಯಾಕ್ ನದಿಯ ಗುಂಟ ಸೀಳಿಹೋದರು. ವರ್ಜೀನಿಯಾ ಬಣಕ್ಕೆ ಹೆಚ್ಚು ಸ್ಥಾನ ಬಂದವು, ಆದರೆ ಸಾಲಲಿಲ್ಲ. ಮೇರಿಲ್ಯಾಂಡ್ ಬಣ ಸೋತಿತು, ಆದರೆ ಸಾಕಷ್ಟು ಸೋಲಲಿಲ್ಲ. ಅದೇ ವಾರಗಳಲ್ಲಿ ಜರ್ಮನಿಯ ಆಡಳಿತ ನಡೆಯುವ ಬಾನ್‌ನಲ್ಲಿ ಹದಿನಾರು ವರ್ಷ ಆಳಿದ ಚಾನ್ಸೆಲರ್ ಹೋಗಿ, ಸೋಶಿಯಲ್ ಡೆಮಾಕ್ರಟರೂ ಗ್ರೀನರೂ ಸೇರಿ ಹೊಸ ಸಂಪುಟ ಕಟ್ಟಿದ್ದರು. ತಾವು ಟೀವಿಯಲ್ಲಿ ನೋಡಿದಿರಿ. ದೀಪಾವಳಿಯ ವೇದಿಕೆ ವರ್ಜೀನಿಯಾಕ್ಕೆ, ಅದಕ್ಕೆ ಬದಲಾಗಿ ಕನ್ನಡ ತರಗತಿ ಮೇರಿಲ್ಯಾಂಡಿಗೆ ಎಂದು ಹಂಚಿ, ಅದಕ್ಕೆ ಬಾನ್ ಮಾದರಿ ಎಂದು ಹೆಸರಿಟ್ಟಿರಿ.

ತರಗತಿಗೆ ಅದುವರೆಗೆ ಒಬ್ಬರೇ ದಿಕ್ಕು. ಪುತ್ತೂರಿನ ವಾರಿಜಾಕ್ಷಿಯವರು. ವಾರವಿಡೀ ಔಷಧದಂಗಡಿಯ ಕೌಂಟರಿನಲ್ಲಿ ನಿಂತು, ಭಾನುವಾರ ಮೇರಿಲ್ಯಾಂಡಿನ ಕೊಲಂಬಿಯಾ ಊರಿನ ಸಮುದಾಯ ಭವನದ ಒಂದು ಕೋಣೆಯಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಸಭೆಯಲ್ಲಿ ಅವರು ಎದ್ದು ನಿಂತು, “ಅಧ್ಯಕ್ಷರೇ, ಇದರಲ್ಲಿ ನಾನು ಯಾವ ಕಡೆ?” ಎಂದು ಕೇಳಿದ್ದು ತಮಗೆ ನೆನಪಿರಬಹುದು.

“ಆಂಟಿ, ನೀವು ಆಪೋಸಿಷನ್!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ತಾವೂ ನಕ್ಕಿರಿ.

“ಆಯ್ತು. ಹಾಗಾದ್ರೆ ಮಕ್ಕಳು ಯಾವ ಪಾರ್ಟಿ, ಮಾರಾಯ್ರೆ?”

ಅದಕ್ಕೆ ತಾವು, ಊಟ ಆರುತ್ತಿದೆ ಎಂದಿರಿ. ಮೇರಿಲ್ಯಾಂಡ್ ಬಣ ತನ್ನ ಪಾಲಿಗೆ ಬಂದ ಖಾತೆಗೆ ಗುರುರಾಜರನ್ನು ನೇಮಿಸಿತು. ತರಗತಿಯ ಕೋಣೆ ಯಾವ ರಸ್ತೆಯಲ್ಲಿದೆ ಎಂದು ಅವರು ನನ್ನನ್ನು ಕೇಳಿದರು. ವರ್ಜೀನಿಯಾದವರು, ಇನ್ನು ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ತರಗತಿ ನದಿಯ ಆಚೆ ನಡೆಯಬೇಕೆಂದರು. ಅದು ತೀರ್ಮಾನವಾಗುವವರೆಗೆ ತರಗತಿ ಬೇಡವೆಂದು ತಮ್ಮ ಸಮಿತಿ ಕೋಣೆಯ ಕೀಲಿ ವಾಪಸು ಪಡೆಯಿತು. “ಯಾವುದಾದ್ರೂ ಒಂದು ಕಡೆ ಸೇರಿಬಿಡಿ ಮೇಡಂ, ಎಲ್ಲಾ ಸೆಟ್ಲ್ ಆಗತ್ತೆ” ಎಂದು ಎರಡೂ ಕಡೆಯವರು ವಾರಿಜಾಕ್ಷಿಯವರಿಗೆ ಬುದ್ಧಿ ಹೇಳಿದರು. ಅವರು ಸೇರಲಿಲ್ಲ.

ಹೊಟ್ಟೆಪಾಡಿಗೆ ನಾನು ಈ ಊರಿನ ಒಂದು ಕಚೇರಿಯಲ್ಲಿ ಜರ್ಮನ್ ಪತ್ರಿಕೆಗಳನ್ನು ಓದಿ ಸಾರಾಂಶ ಬರೆಯುವವನು. ಆದ್ದರಿಂದ ತಮ್ಮ ಮಾದರಿಯ ಬಗ್ಗೆ ಎರಡು ಮಾತು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಬಾನ್‌ನವರು ಕುರ್ಚಿಗಾಗಿ ಕಿತ್ತಾಡಲಿಲ್ಲವೆಂದಲ್ಲ, ಚೆನ್ನಾಗಿಯೇ ಕಿತ್ತಾಡಿದರು. ಆದರೆ ಜೊತೆಗೆ, ಮಾಡಬೇಕಾದ ಕೆಲಸವೇನೆಂದು ವಾರಗಟ್ಟಲೆ ಕುಳಿತು ವಾದಿಸಿ ಒಪ್ಪಂದ ಬರೆದರು. ಅಣುವಿದ್ಯುತ್ತನ್ನು ಕೈಬಿಡುವುದು ಹೇಗೆ, ಅಲ್ಲಿಯೇ ಹುಟ್ಟಿದ ವಲಸಿಗರ ಮಕ್ಕಳನ್ನು ತಮ್ಮವರೆಂದು ಒಪ್ಪುವುದು ಯಾವಾಗ ಎಂಬ ಮಾತೆಲ್ಲ ಅದರಲ್ಲಿದೆ. ಸಣ್ಣ ಪಕ್ಷವಾದ ಗ್ರೀನರಿಗೆ ವಿದೇಶಾಂಗ, ಪರಿಸರ, ಆರೋಗ್ಯ ಸಿಕ್ಕವು. ಪರಿಸರಕ್ಕಾಗಿಯೇ ಹುಟ್ಟಿದ ಪಕ್ಷಕ್ಕೆ ಪರಿಸರ ಖಾತೆ! ಇದು ತಮಗೆ ವಿಚಿತ್ರವೆನಿಸಬಹುದು. ಇಲ್ಲಿ ತರಗತಿಯ ಖಾತೆ ಅದರ ಬಾಗಿಲು ನೋಡದವರಿಗೆ ಹೋಗಿದೆಯಲ್ಲ!

ಇನ್ನೊಂದು ಸಂಗತಿ ತಮ್ಮ ಟೀವಿಯಲ್ಲಿ ಬರಲಿಲ್ಲವೇನೋ. ಆರ್ಥಿಕ ವ್ಯವಹಾರಗಳ ಖಾತೆಯನ್ನು ಅವರು ಯಾವ ಪಕ್ಷಕ್ಕೂ ಸೇರದ ಒಬ್ಬರಿಗೆ ಕೊಟ್ಟಿದ್ದಾರೆ. ಆತ ಆಪೋಸಿಷನ್ ಎಂದು ಯಾರೂ ಕೂಗಲಿಲ್ಲ. ಬಾನ್ ಮಾದರಿ ಬೇಕೆಂದರೆ ಅದೂ ಬಾನ್ ಮಾದರಿಯೇ ಅಲ್ಲವೇ, ಅಧ್ಯಕ್ಷರೇ? ಅಥವಾ ನಮಗೆ ಬೇಕಾಗಿದ್ದು ಮೇಜಿನ ಸುತ್ತಲಿನ ಕುರ್ಚಿಗಳ ಫೋಟೋ ಮಾತ್ರವೇ?

ಮಕ್ಕಳು ಒಂದು ತಿಂಗಳು ರಜೆ ಅನುಭವಿಸಿದರೆ ಏನು ಮುಳುಗಿಹೋಯಿತು ಎಂದು ತಾವು ಕೇಳಬಹುದು. ವಾರಿಜಾಕ್ಷಿಯವರಲ್ಲಿ ಒಂದು ಪದ್ಧತಿಯಿತ್ತು. ತರಗತಿ ಮುಗಿಯುವ ಮುನ್ನ ಪ್ರತಿ ಮಗುವೂ ಒಂದು ಕನ್ನಡ ಪ್ರಶ್ನೆಯನ್ನು ಬಾಯಿಪಾಠ ಮಾಡಬೇಕು. ಮನೆಗೆ ಹೋಗಿ ಊರಿಗೆ ಫೋನ್ ಮಾಡಿದಾಗ ಅಜ್ಜನನ್ನೋ ಅಜ್ಜಿಯನ್ನೋ ಕೇಳಬೇಕು. ಇಲ್ಲಿಯೇ ಹುಟ್ಟಿದ ನನ್ನ ಮಗಳು ಹರಿಣಿ ಮೈಸೂರಿನಲ್ಲಿರುವ ನನ್ನ ತಾಯಿಯನ್ನು, “ಅಜ್ಜಿ, ಸ್ಕೂಲಲ್ಲಿ ನೀವು ಯಾರ ಪಕ್ಕ ಕೂತ್ಕೋತಿದ್ರಿ?” ಎಂದು ಕೇಳಿದ್ದಳು. ಅಮ್ಮ ಎಷ್ಟು ಹೊತ್ತು ಉತ್ತರ ಹೇಳಿದರು! ಹುಣಿಸೆಹಣ್ಣು ಕದ್ದು ತಂದು ಕೊಡುತ್ತಿದ್ದ ಒಬ್ಬ ಗೆಳತಿ ಅವರಿಗಿದ್ದಳೆಂದು ನನಗೆ ತಿಳಿದದ್ದು ಆ ದಿನ. ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಬಹುದೆಂದು ಹೊಳೆದಿರಲಿಲ್ಲ.

ಹೋದ ಭಾನುವಾರ ಅಮ್ಮ ತಾವಾಗಿಯೇ, “ಏನೇ, ಇವತ್ತೂ ಪ್ರಶ್ನೆ ಇಲ್ವೇನೇ?” ಎಂದರು. ಹರಿಣಿ, “ಅಜ್ಜಿ… ಊಟ ಆಯ್ತಾ?” ಎಂದಳು. ಮೈಸೂರಿನಲ್ಲಿ ಆಗ ಬೆಳಗಿನ ಕಾಫಿಯೂ ಆಗಿರಲಿಲ್ಲ. ಫೋನನ್ನು ನನ್ನ ಕೈಗಿತ್ತು, “ಆಂಟೀನ ಫೈರ್ ಮಾಡಿದ್ರಾ ಅಪ್ಪಾ? ವಾಟ್ ಡಿಡ್ ಶಿ ಡೂ?” ಎಂದು ಕೇಳಿದಳು. ಅವಳಿಗೆ ಸಮ್ಮಿಶ್ರ ಸರ್ಕಾರವನ್ನು ವಿವರಿಸಲು ಹೊರಟು, ಅರ್ಧದಲ್ಲಿ ನಿಲ್ಲಿಸಿದೆ.

ಮರುದಿನ ಔಷಧದಂಗಡಿಗೆ ಹೋದೆ. “ಜನವರಿಯಿಂದ ಸಂಡೇ ಶಿಫ್ಟ್ ಬೇಕಾ ಅಂತ ಕೇಳ್ತಿದ್ದಾರೆ” ಎಂದರು ವಾರಿಜಾಕ್ಷಿಯವರು, ಕೌಂಟರಿನ ಆಚೆಯಿಂದ. “ಶುಕ್ರವಾರ ಹೇಳ್ಬೇಕು. ಮನೇಲಿ ಕೂತು ಏನು ಮಾಡುದು, ಹೇಳಿ?”

ಆದ್ದರಿಂದ ನನ್ನ ಒತ್ತಾಯ ಒಂದೇ. ಶುಕ್ರವಾರದ ಒಳಗೆ ತಾವೇ ಅವರ ಮನೆಗೆ ಹೋಗಿ, ಯಾವ ಷರತ್ತೂ ಇಲ್ಲದೆ ಆ ಕೀಲಿಯನ್ನು ಅವರ ಕೈಗೆ ಕೊಡಿ. ಗುರುರಾಜರು ಖಾತೆಯನ್ನು ಇಟ್ಟುಕೊಳ್ಳಲಿ. ಪಟ್ಟಿಯಲ್ಲಿ ಹೆಸರು ಚೆನ್ನಾಗಿಯೇ ಕಾಣುತ್ತದೆ.

ತಾವು ಹೋಗುವಿರೆಂಬ ಭರವಸೆ ನನಗಿಲ್ಲ. ಹಾಗಾಗಿ ಕೊನೆಯ ಮಾತು ತಮಗಲ್ಲ. ವಾರಿಜಾಕ್ಷಿಯವರೇ, ಈ ಭಾನುವಾರ ಹರಿಣಿ ಅಜ್ಜಿಯನ್ನು ಏನು ಕೇಳಲಿ?

ಇಂತಿ,
ನದಿಯ ಎರಡೂ ದಡಕ್ಕೆ ಚಂದಾ ಕಟ್ಟಿ, ಯಾವ ದಡದಲ್ಲೂ ಲೆಕ್ಕಕ್ಕಿಲ್ಲದ
ಶೇಷಾದ್ರಿ
ಕೊಲಂಬಿಯಾ, ಡಿಸೆಂಬರ್ ೧೯೯೮