ಸುರಂಗದೊಳಗಿನ ಬಿಸಿಲು

ತಿಕೋಟಾ
೧೪-೩-೧೯೭೮, ಮಂಗಳವಾರ

ಪ್ರೀತಿಯ ಮಾಸ್ತರರಿಗೆ,

ನಿಮ್ಮ ಮುಮತಾಜಳ ಸಲಾಮು. ಸಿಟ್ಟು ಮಾಡಿಕೊಂಡು ತವರಿಗೆ ಹೋದವಳು ಇಷ್ಟು ಬೇಗ ಪತ್ರ ಬರೆದಳಲ್ಲ ಎಂದು ನಗಬೇಡಿ. ಸಿಟ್ಟು ಇನ್ನೂ ಇದೆ. ಆದರೆ ನಿನ್ನೆ ಕಂಡದ್ದನ್ನು ನಿಮಗೆ ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಮುಂಬಯಿಯಲ್ಲಿ ಭೌತವಿಜ್ಞಾನ ಮುಗಿಸಿ ಬಂದ ನನ್ನನ್ನು ಜಿನೀವಾದ ವಿಜ್ಞಾನ ಕೇಂದ್ರದವರು ಹೊಸ ಯಂತ್ರವೊಂದರ ಎರಡು ವರ್ಷದ ಕೆಲಸಕ್ಕೆ ಕರೆದಿದ್ದಾರೆ. ಬರುವ ಸೋಮವಾರ ಉತ್ತರ ಹಾಕದಿದ್ದರೆ ಅದು ಬೇರೆಯವರ ಪಾಲು. ಅದಕ್ಕೆ ನೀವು ಅಂದದ್ದು ಎರಡೇ ಮಾತು: "ಇನ್ನ ಕಟ್ಟಿಲ್ಲದ ಯಂತ್ರಕ್ಕ ನೀ ಹೋಗಿ ಏನ್ ಮಾಡ್ತಿ? ನಮ್ಮವ್ವಂತೂ ಒಪ್ಪಂಗಿಲ್ಲ." ಎರಡನೆಯದನ್ನು ಕೇಳಿದ್ದೇ ಟ್ರಂಕು ಎತ್ತಿಕೊಂಡು ಬಂದುಬಿಟ್ಟೆ. ಮೊದಲನೆಯದಕ್ಕೆ ಈಗ ಉತ್ತರ ಸಿಕ್ಕಿದೆ.

ಬಾವಿ ತೋಡುವ ನಮ್ಮಪ್ಪನಿಗೆ ತೊರವಿಯ ಹತ್ತಿರ ಹೂಳು ತೆಗೆಯುವ ಕೆಲಸ ಬಂದಿದೆ. ಬಾದಶಹರ ಕಾಲದಲ್ಲಿ ವಿಜಾಪುರಕ್ಕೆ ನೀರು ತರಲು ನೆಲದೊಳಗೆ ಕೊರೆದ ಸುರಂಗ ನಿಮಗೆ ಗೊತ್ತಲ್ಲ, ಅಲ್ಲಲ್ಲಿ ಬಾವಿಯಂಥ ಕಂಡಿಗಳಿವೆ. ನಾನೂ ಇಳಿಯುತ್ತೇನೆ ಎಂದೆ. "ಸೀರಿ ಎತ್ತಿ ಕಟ್ಟು, ಹಗ್ಗಾ ಬಿಡಬ್ಯಾಡ," ಎಂದ ಅಪ್ಪ, ಅಷ್ಟೇ.

ಒಳಗೆ ಲಾಟೀನು ಒಯ್ಯುವುದಿಲ್ಲ, ಹೊಗೆಗೆ ಉಸಿರು ಕಟ್ಟುತ್ತದೆ. ಮೇಲೊಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಕಂಡಿಯೊಳಗೆ ಬಿಡುತ್ತಾರೆ. ತಳದಲ್ಲಿಟ್ಟ ಇನ್ನೊಂದು ಕನ್ನಡಿ ಅದನ್ನು ಸುರಂಗದೊಳಕ್ಕೆ ತಿರುಗಿಸುತ್ತದೆ. ಹೊತ್ತು ಏರಿದಂತೆ ಮೇಲಿನವರು ಕನ್ನಡಿಯನ್ನು ತುಸುತುಸುವೇ ವಾಲಿಸುತ್ತಿರಬೇಕು, ಕೈ ತಪ್ಪಿದರೆ ಒಳಗಿದ್ದವರಿಗೆ ಕತ್ತಲು. ನಿನ್ನೆ ಒಮ್ಮೆಯೂ ತಪ್ಪಲಿಲ್ಲ.

ಆ ಬೆಳಕು ಹೋದ ಕಡೆ ನಾವು ಹೋದೆವು. ಕಾಲ ಕೆಳಗೆ ತಣ್ಣನೆಯ ನೀರು, ತಲೆಯ ಮೇಲೆ ಯಾರದೋ ಹೊಲ. ಒಂದು ಕಡೆ ಅಪ್ಪ ನನ್ನ ಕೈ ಹಿಡಿದು ಗೋಡೆ ಮುಟ್ಟಿಸಿದ. ಅಲ್ಲಿಯವರೆಗೆ ಉಳಿಯ ಗೀರುಗಳು ಬಲಕ್ಕೆ ಓರೆ, ಅಲ್ಲಿಂದಾಚೆ ಎಡಕ್ಕೆ. ಎರಡರ ನಡುವೆ ಅಂಗೈ ಅಗಲದ ಸೊಟ್ಟು. "ಆ ಕಂಡಿ ಮಂದಿ, ಈ ಕಂಡಿ ಮಂದಿ ಇಲ್ಲೇ ಕೂಡ್ಯಾರ ನೋಡವ್ವಾ. ಒಬ್ಬರ ಮಾರಿ ಒಬ್ಬರು ನೋಡದ ಕಡಕೋತ ಬಂದಾರ. ಸಪ್ಪಳ ಕೇಳೇ ದಾರಿ ಹಿಡದಾರ," ಎಂದ ಅಪ್ಪ.

ಮಾಸ್ತರರೇ, ನನ್ನನ್ನು ಕರೆದಿರುವುದು ಇಂಥದ್ದೇ ಕೆಲಸಕ್ಕೆ! ನೆಲದೊಳಗೆ ಒಂದು ದುಂಡನೆಯ ಸುರಂಗ, ತಿಕೋಟಾದಿಂದ ವಿಜಾಪುರಕ್ಕೆ ಹೋಗಿ ಮರಳಿ ಬಂದಷ್ಟು ಉದ್ದ. ಅದರಲ್ಲಿ ಕಣ್ಣಿಗೆ ಕಾಣದ ಕಣಗಳು ಎರಡೂ ದಿಕ್ಕಿನಿಂದ ಓಡಿಬಂದು ಕೂದಲೆಳೆಯಷ್ಟು ಜಾಗದಲ್ಲಿ ಎದುರಾಗಬೇಕು. ಅವು ಡಿಕ್ಕಿ ಹೊಡೆದಾಗ, ಜಗತ್ತು ಹುಟ್ಟಿದ ಹೊತ್ತಿನಲ್ಲಿ ಏನಿತ್ತೋ ಅದರ ಒಂದು ಚೂರು ನಮಗೆ ಕಂಡೀತು. ಗಕ್ಕನೆ ತಿರುಗಿಸಿದರೆ ಅವು ತಮ್ಮ ಶಕ್ತಿಯನ್ನೆಲ್ಲ ಬೆಳಕಾಗಿ ಚೆಲ್ಲಿಬಿಡುತ್ತವೆ, ಅದಕ್ಕೇ ಅಷ್ಟು ದೊಡ್ಡ ಸುತ್ತು. ಎಲ್ಲಿ ಎಷ್ಟು ತಿರುಗಿಸಬೇಕು ಎಂದು ಲೆಕ್ಕ ಹಾಕುವವರಲ್ಲಿ ನಾನೊಬ್ಬಳು, ಎಲ್ಲರಿಗಿಂತ ಚಿಕ್ಕವಳು. ಯಂತ್ರ ಓಡುವ ಹೊತ್ತಿಗೆ ನನ್ನ ತಲೆ ನೆರೆತಿರಬಹುದು. ಅದನ್ನು ಕಟ್ಟದೆಯೂ ಬಿಡಬಹುದು.

ಗೋಡೆಯ ಮೇಲೆ ಬೆರಳಿಟ್ಟುಕೊಂಡು ಅತ್ತುಬಿಟ್ಟೆ. ಇಲ್ಲಿ ಮೊದಲ ಉಳಿ ಇಟ್ಟವನು ಈ ನೀರು ಕುಡಿದನೋ ಇಲ್ಲವೋ, ಯಾರಿಗೆ ಗೊತ್ತು? ಆದರೂ ಎಷ್ಟು ನೆಟ್ಟಗೆ ಕಡಿದಿದ್ದಾನೆ! ಇನ್ನೂ ಕಟ್ಟಿಲ್ಲದ ಯಂತ್ರಕ್ಕೂ ಯಾರಾದರೂ ಮೊದಲು ಉಳಿ ಇಡಬೇಕಲ್ಲ.

ಬರುತ್ತೇನೆ ಎಂದೇ ಅವರಿಗೆ ಬರೆಯುವವಳಿದ್ದೇನೆ. ಆದರೆ ನಿಮ್ಮ ಜೊತೆ ಮಾತು ಬಿಟ್ಟು ವಿಮಾನ ಹತ್ತಲು ನನಗೆ ಮನಸ್ಸಿಲ್ಲ. ಭಾನುವಾರ ಸಾಲೆಗೆ ರಜೆಯಲ್ಲವೇ? ತೊರವಿಗೆ ಬನ್ನಿ, ಆ ಗೋಡೆ ನೀವೂ ಮುಟ್ಟಿ ನೋಡಿ. ಬಿಳಿ ಪಾಯಿಜಾಮ ಕೆಸರಾದರೆ ಒಗೆದುಕೊಡುತ್ತೇನೆ, ಸಿಟ್ಟಿನಲ್ಲಿದ್ದರೂ.

ನಿಮ್ಮ ದಾರಿ ನೋಡುತ್ತಿರುವ,
ಮುಮತಾಜ

ತಾ.ಕ.: ಮೇಲೆ ಕನ್ನಡಿ ಹಿಡಿದವರು ಯಾರೆಂದು ಬರೆಯಲಿಲ್ಲ. ನಿಮ್ಮ ಅವ್ವ. ಬಬಲೇಶ್ವರದ ತಂಗಿಯ ಮನೆಗೆ ಎಂದು ನಿಮಗೆ ಹೇಳಿ, ನನ್ನನ್ನು ನೋಡಲು ತಿಕೋಟಾ ಬಸ್ಸು ಹತ್ತಿದ್ದರು, ಇಲ್ಲಿಂದ ನಮ್ಮ ಜೊತೆ ತೊರವಿಗೂ ಬಂದರು. ನಾನು ಮೇಲೆ ಬಂದಾಗಲೂ ಅವರು ಕನ್ನಡಿ ಇಳಿಸಿರಲಿಲ್ಲ. ನಾನು ಹೋಗುವುದು ನಿಮಗೆ ಒಪ್ಪಿಗೆಯಿಲ್ಲವಂತಲ್ಲ ಎಂದು ಅವರನ್ನೇ ಕೇಳಿಬಿಟ್ಟೆ. ಸೆರಗಿನಿಂದ ಕನ್ನಡಿ ಒರೆಸುತ್ತ ಅಂದರು: "ಅಂವ ನನ್ನ ಯಾವಾಗ ಕೇಳ್ಯಾನವ್ವಾ?"