ಬಾಡಿಗೆ ಮನೆಯಲ್ಲಿ ಅಜ್ಜಿ
ಕರಾಕೋಲ್, ಜನವರಿ 9

ಅತ್ತಿಗೆ,

ಸ್ಕೀ ಆಡಲು ಬರುವವರಿಗೆ ಬಾಡಿಗೆಗೆ ಕೊಡಲು ನಾನು ನೋಡಿಕೊಳ್ಳುವ ಮನೆಗಳು ಈಗ ಏಳಾದವು. ನಿನ್ನೆ ಅಲ್ಮಾಟಿಯಿಂದ ಬಂದ ದಂಪತಿ ಫೋನಿನಲ್ಲಿ ಕಿರುಚಿದರು: "ಅಡುಗೆಮನೇಲಿ ಯಾರೋ ಅಜ್ಜಿ ಇದಾರೆ!"

ಹಿಮದಲ್ಲಿ ಬಿದ್ದೆದ್ದು ಓಡಿದೆ. ನೋಡಿದರೆ ಮನೆಯೊಡತಿ ಜುರಕಾನ್! ಮಗಳ ಮನೆಗೆ ಹೋಗಿದ್ದವರು ವಾಪಸ್ ಬಂದು ಹಿಟ್ಟು ನಾದುತ್ತಿದ್ದಾರೆ.

"ಅಜ್ಜಿ, ಮನೆ ಬಾಡಿಗೆಗೆ ಕೊಟ್ಟಿದೀರಲ್ಲ?"

"ಕೊಟ್ಟಿದೀನಿ ಕಣೇ. ಅದಕ್ಕೆ ಬಂದೋರು ತಣ್ಣಗಿರೋ ಒಲೆ ನೋಡ್ಕೊಂಡು ಕೂರಬೇಕಾ?"

ನನ್ನ ಹೆಸರು ಕೆಟ್ಟೀತೆಂದು ಹೆದರಿ, ಬಂದವರ ಕ್ಷಮೆ ಕೇಳಿ ಅಜ್ಜಿಯನ್ನು ಹೊರಡಿಸಲು ನೋಡಿದೆ. ಅಷ್ಟರಲ್ಲಿ ಆ ಅಲ್ಮಾಟಿಯ ಹೆಂಗಸು ತೋಳೇರಿಸಿ ಹಿಟ್ಟಿಗೆ ಕೈಹಾಕಿದ್ದಳು. "ಅಜ್ಜಿ ಇರಲಿ, ನೀವು ಹೊರಡಿ" ಅಂದಳು.

ನನ್ನ ಕೆಮ್ಮು ಕಡಿಮೆಯಾಗಿದೆ. ಉಣ್ಣೆ ಕಾಲುಚೀಲ ಕಳಿಸಿ. ಪಕ್ಕದ ಮನೆಯಲ್ಲಿ ಇಳಿದವರು ಬಾಗಿಲು ಬಡಿಯುತ್ತಿದ್ದಾರೆ, ಅವರಿಗೂ ಒಬ್ಬ ಅಜ್ಜಿ ಬೇಕಂತೆ.

ನಿಮ್ಮ ಬುರುಲ್